ಭುಜದ ಕೀಲು: ಕೈ ಎತ್ತಿದಾಗ ಒಳಗೆ ಏನು ನಡೆಯುತ್ತದೆ?

ಕಾಮರ್ಸ್ ಓದುವವಳಿಗೆ ಮೂಳೆ, ಕೀಲುಗಳ ಉಸಾಬರಿ ಯಾಕೆ ಎಂದು ಸೈನ್ಸ್ ಸೆಕ್ಷನ್‌ನ ಗೆಳತಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಳೆದ ಒಂದು ವರ್ಷದಲ್ಲಿ ನಮ್ಮ ಮನೆಯಲ್ಲಿ ಅತಿ ಹೆಚ್ಚು ಮಾತಿಗೆ ಬಂದದ್ದು ನನ್ನ ಮಾರ್ಕ್ಸ್ ಅಲ್ಲ, ನನ್ನ ಖಾಲಾ ಅವರ ಬಲ ಭುಜ. ಅವರನ್ನು ವಾರಕ್ಕೆ ಎರಡು ಸಲ ಫಿಸಿಯೊಥೆರಪಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿನ ಗೋಡೆಗೆ ಒಂದು ಪ್ಲಾಸ್ಟಿಕ್ ಅಸ್ಥಿಪಂಜರ ನೇತುಹಾಕಿದ್ದರು. ನಾನು ಕೇಳಿದ್ದಕ್ಕೆಲ್ಲ ಬೇಸರಪಡದೆ ಅದರ ಕೈ ಹಿಡಿದು ತಿರುಗಿಸಿ ತೋರಿಸಿದ ಒಬ್ಬ ಮೇಡಂ, ಮತ್ತು ನರ್ಸಿಂಗ್ ಓದುತ್ತಿರುವ ನನ್ನ ಆಪಾ ಕೊಟ್ಟ ದಪ್ಪ ಪುಸ್ತಕ, ಇವರಿಬ್ಬರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಸಣ್ಣ ಪ್ರಯೋಗ. ಎದ್ದು ನಿಂತು ಬಲಗೈಯನ್ನು ಪಕ್ಕಕ್ಕೆ ಇಳಿಬಿಡಿ. ಹೆಬ್ಬೆರಳು ನೆಲವನ್ನು ನೋಡುವಂತೆ ಕೈಯನ್ನು ಒಳಕ್ಕೆ ತಿರುಚಿ, ಮೊಣಕೈ ಮಡಿಸದೆ ಪಕ್ಕದಿಂದ ಮೇಲೆತ್ತಿ. ಹೆಚ್ಚುಕಡಿಮೆ ಭುಜದ ಎತ್ತರಕ್ಕೆ ಬಂದಾಗ ಯಾರೋ ತಡೆ ಹಾಕಿದ ಹಾಗೆ ಕೈ ನಿಲ್ಲುತ್ತದೆ. ಈಗ ಅಲ್ಲೇ ಅಂಗೈಯನ್ನು ಆಕಾಶಕ್ಕೆ ತಿರುಗಿಸಿ ಎತ್ತಿ ನೋಡಿ. ತೋಳು ಸಲೀಸಾಗಿ ಕಿವಿಯವರೆಗೆ ಹೋಗುತ್ತದೆ. ನಡುವೆ ನೀವು ಹೆಚ್ಚಿನ ಬಲವನ್ನೇನೂ ಹಾಕಲಿಲ್ಲ, ಕೈ ತಿರುಗಿತು ಅಷ್ಟೆ. ಯಾಕೆ ಹೀಗೆ ಎಂದು ತಿಳಿಯಬೇಕಾದರೆ ಒಳಗಿನ ಮೂಳೆಗಳನ್ನು ನೋಡಬೇಕು.

ಭುಜದಲ್ಲಿ ಮೂರು ಮೂಳೆಗಳು ಸೇರುತ್ತವೆ. ಒಂದು ತೋಳಿನ ಮೂಳೆ, ಅದರ ಮೇಲ್ತುದಿ ಚೆಂಡಿನ ಹಾಗೆ ಗುಂಡಗಿದೆ. ಎರಡನೆಯದು ಬೆನ್ನಿನ ಮೇಲ್ಭಾಗದಲ್ಲಿರುವ ತ್ರಿಕೋನಾಕಾರದ ಚಪ್ಪಟೆ ಮೂಳೆ. ಪುಸ್ತಕದಲ್ಲಿ ಇದಕ್ಕೆ ಸ್ಕ್ಯಾಪುಲಾ ಎಂದಿದೆ, ನಾನು ಹೆಗಲ ಹಲಗೆ ಎನ್ನುತ್ತೇನೆ. ಮೂರನೆಯದು ಕತ್ತಿನ ಕೆಳಗೆ ಅಡ್ಡಲಾಗಿ ಕಾಣುವ ಕಾಲರ್ ಬೋನ್. ಉರ್ದುವಿನಲ್ಲಿ ಇದನ್ನು ಹಂಸ್ಲಿ ಕಿ ಹಡ್ಡಿ ಎನ್ನುತ್ತಾರೆ. ಹಂಸ್ಲಿ ಎಂದರೆ ಹಿಂದಿನ ಕಾಲದ ಹೆಂಗಸರು ಕೊರಳಿಗೆ ಹಾಕುತ್ತಿದ್ದ ಗಟ್ಟಿ ಬೆಳ್ಳಿಯ ಒಡವೆ, ಅದು ಕೂರುತ್ತಿದ್ದದ್ದು ಸರಿಯಾಗಿ ಈ ಮೂಳೆಯ ಮೇಲೆ. ತಾಯಿಯ ಗರ್ಭದಲ್ಲಿ ಎಲ್ಲಕ್ಕಿಂತ ಮೊದಲು ಗಟ್ಟಿಯಾಗಲು ಶುರುವಾಗುವ ಮೂಳೆ ಇದು. ಆದರೆ ಇದರ ಒಳತುದಿ ಪೂರ್ತಿ ಬೆಸೆದುಕೊಳ್ಳುವುದು ಇಪ್ಪತ್ತು ದಾಟಿ ಎಷ್ಟೋ ವರ್ಷಗಳ ಮೇಲೆ. ಅಂದರೆ ಈ ಪತ್ರಿಕೆ ಓದುವ ವಿದ್ಯಾರ್ಥಿಗಳಲ್ಲಿ ಯಾರ ಹಂಸ್ಲಿಯೂ ಇನ್ನೂ ಪೂರ್ತಿ ಬಲಿತಿಲ್ಲ.

ನನಗೆ ಆಶ್ಚರ್ಯವಾದ ಸಂಗತಿ ಇನ್ನೊಂದಿದೆ. ಇಡೀ ಕೈ ನಮ್ಮ ಎದೆಗೂಡಿಗೆ ಮೂಳೆಯ ಮೂಲಕ ಸೇರಿರುವುದು ಒಂದೇ ಕಡೆ. ಗಂಟಲ ಕುಳಿಯ ಪಕ್ಕದಲ್ಲಿ ಬೆರಳಿಟ್ಟು ನೋಡಿ, ಹಂಸ್ಲಿಯ ಒಳತುದಿ ಎದೆಮೂಳೆಗೆ ತಾಗುವ ಗಂಟು ಸಿಗುತ್ತದೆ. ಅಷ್ಟೇ. ಹೆಗಲ ಹಲಗೆಗೂ ಪಕ್ಕೆಲುಬಿಗೂ ನಡುವೆ ಮೂಳೆಯ ಜೋಡಣೆಯೇ ಇಲ್ಲ. ಹಲಗೆ ಸ್ನಾಯುಗಳ ಹಾಸಿನ ಮೇಲೆ ಜಾರಾಡುತ್ತದೆ. ಮಾರ್ಕೆಟ್ಟಿನಲ್ಲಿ ಹಮಾಲರು ಹೊರುವ ಮೂಟೆಯ ಭಾರ, ಸಜ್ದಾಕ್ಕೆ ಹೋಗುವಾಗ ಅಂಗೈಗಳ ಮೇಲೆ ಬೀಳುವ ಮೈಭಾರ, ಎಲ್ಲವನ್ನೂ ಬಹುಮಟ್ಟಿಗೆ ಸ್ನಾಯುಗಳೇ ಹಿಡಿದಿರುತ್ತವೆ.

ಇನ್ನು ಮುಖ್ಯ ಕೀಲು. ಸೊಂಟದ ಕೀಲೂ ಭುಜದ ಕೀಲೂ ಒಂದೇ ಜಾತಿಯವು, ಗುಂಡಿಯಲ್ಲಿ ಕೂತ ಚೆಂಡು ಎಂದು ಎಲ್ಲರೂ ಹೈಸ್ಕೂಲಿನಲ್ಲೇ ಓದಿರುತ್ತೇವೆ. ಆದರೆ ಎರಡರ ನಡುವೆ ಬಹಳ ವ್ಯತ್ಯಾಸವಿದೆ. ಸೊಂಟದ್ದು ಒರಳಿನಲ್ಲಿ ಕೂತ ಗುಂಡುಕಲ್ಲಿನ ಹಾಗೆ, ಆಳವಾಗಿ ಕೂತಿದೆ, ಸುಲಭಕ್ಕೆ ಹೊರಬರುವುದಿಲ್ಲ. ಭುಜದ್ದು ಟೀ ಸಾಸರಿನ ಮೇಲೆ ಇಟ್ಟ ನಿಂಬೆಹಣ್ಣು. ಸಾಸರನ್ನೂ ಮಟ್ಟಸವಾಗಿ ಇಟ್ಟಿಲ್ಲ, ಪಕ್ಕಕ್ಕೆ ವಾಲಿಸಿ ನಿಲ್ಲಿಸಲಾಗಿದೆ! ಯಾವುದೇ ಕ್ಷಣದಲ್ಲಿ ಚೆಂಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆ ಗುಂಡಿಯನ್ನು ಮುಟ್ಟುವುದಿಲ್ಲ. ಗುಂಡಿಯ ಅಂಚಿಗೆ ಸುತ್ತಲೂ ರಬ್ಬರ್ ವಾಷರಿನಂಥ ಒಂದು ಮೃದುವಾದ ಬಳೆ ಇದ್ದು ಆಳವನ್ನು ಸ್ವಲ್ಪ ಹೆಚ್ಚಿಸುತ್ತದೆ. ಅದರ ಹೆಸರು ಲೇಬ್ರಮ್.

ಡಬಲ್ ಎಂಟ್ರಿ ಕಲಿತವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಖಾತೆಗೆ ಬಂದದ್ದು ಇನ್ನೊಂದು ಖಾತೆಯಿಂದ ಹೋಗಿರಲೇಬೇಕು. ಭುಜಕ್ಕೆ ಬಂದದ್ದು ಚಲನೆ. ದೇಹದಲ್ಲಿ ಇಷ್ಟು ದಿಕ್ಕಿಗೆ, ಇಷ್ಟು ದೂರ ತಿರುಗುವ ಕೀಲು ಇನ್ನೊಂದಿಲ್ಲ. ತೋಳು ಮುಂದಿನಿಂದಲೂ ಪಕ್ಕದಿಂದಲೂ ಸುಮಾರು 180 ಡಿಗ್ರಿ ಏರುತ್ತದೆ, ಹಿಂದಕ್ಕೆ 50-60 ಡಿಗ್ರಿ ಹೋಗುತ್ತದೆ, ಇದ್ದ ಜಾಗದಲ್ಲೇ ಒಳಕ್ಕೂ ಹೊರಕ್ಕೂ ತಿರುಗುತ್ತದೆ. ಹೋದದ್ದು ಭದ್ರತೆ. ಭುಜದ ಕಾಯಿಲೆಗಳೆಲ್ಲ ಹೆಚ್ಚಾಗಿ ಈ ಎರಡು ಖಾತೆಗಳ ಕಥೆಯೇ. ಭದ್ರತೆ ತೀರಾ ಕಡಿಮೆಯಾದರೆ ಕೀಲು ಜಾರುತ್ತದೆ. ಚಲನೆ ಹೋದರೆ ಕೀಲು ಬಿಗಿಯುತ್ತದೆ.

ಮೂಳೆ ಕೊಡದ ಭದ್ರತೆಯನ್ನು ಕೊಡುವುದು ನಾಲ್ಕು ಚಿಕ್ಕ ಸ್ನಾಯುಗಳು. ಇವು ಹೆಗಲ ಹಲಗೆಯಿಂದ ಹೊರಟು ತಮ್ಮ ಟೆಂಡನ್‌ಗಳಿಂದ, ಅಂದರೆ ಗಟ್ಟಿ ನಾರಿನ ತುದಿಗಳಿಂದ, ಚೆಂಡನ್ನು ಮುಂದೆ, ಮೇಲೆ, ಹಿಂದೆ ಮೂರೂ ಕಡೆಯಿಂದ ಅಪ್ಪಿಕೊಂಡಿವೆ. ಅಂಗಿಯ ತೋಳಿನ ಕಫ್ ಮಣಿಕಟ್ಟನ್ನು ಸುತ್ತಿದ ಹಾಗೆ. ಅದಕ್ಕೇ ಇವಕ್ಕೆ ಒಟ್ಟಾಗಿ ರೊಟೇಟರ್ ಕಫ್ ಎಂಬ ಹೆಸರು. ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರಿಸ್ ಮೈನರ್, ಸಬ್‌ಸ್ಕ್ಯಾಪುಲಾರಿಸ್ ಎಂದು ಒಂದೊಂದರ ಹೆಸರು. ಪರೀಕ್ಷೆಗೆ ಓದುವವರು ಮೊದಲ ಅಕ್ಷರ ಕೂಡಿಸಿ ಸಿಟ್ಸ್ ಎಂದು ನೆನಪಿಡುತ್ತಾರಂತೆ. ನಮಗೆ ಅದರ ಅಗತ್ಯವಿಲ್ಲ, ಅವು ಮಾಡುವ ಕೆಲಸ ತಿಳಿದರೆ ಸಾಕು.

ಕೆಲಸ ಹೀಗೆ. ತೋಳನ್ನು ಎತ್ತುವ ದೊಡ್ಡ ಸ್ನಾಯು ಡೆಲ್ಟಾಯ್ಡ್, ಭುಜದ ಮೇಲೆ ಇಂಜೆಕ್ಷನ್ ಚುಚ್ಚುವ ಜಾಗ. ಅದು ಬಲಶಾಲಿ, ಆದರೆ ಅದು ತೋಳನ್ನು ನೇರ ಮೇಲಕ್ಕೆ ಎಳೆಯುತ್ತದೆ. ಅದೊಂದೇ ಕೆಲಸ ಮಾಡಿದರೆ ಚೆಂಡು ಸಾಸರಿನಿಂದ ಜಾರಿ ಮೇಲಿರುವ ಮೂಳೆಯ ಚಾವಣಿಗೆ ಬಡಿಯುತ್ತದೆ. ಉದ್ದದ ಏಣಿಯನ್ನು ನೆಲದಿಂದ ಎತ್ತಿ ನಿಲ್ಲಿಸುವುದನ್ನು ನೋಡಿದ್ದೀರಲ್ಲ? ಒಬ್ಬರು ಎತ್ತುತ್ತಾ ಬರುತ್ತಾರೆ, ಇನ್ನೊಬ್ಬರು ಬುಡಕ್ಕೆ ಕಾಲು ಕೊಟ್ಟು ನಿಂತಿರುತ್ತಾರೆ. ಕಾಲು ಕೊಡುವವರಿಲ್ಲದಿದ್ದರೆ ಏಣಿ ಮೇಲೇಳುವುದಿಲ್ಲ, ನೆಲದ ಮೇಲೆ ಜಾರಿಕೊಂಡು ಹೋಗುತ್ತದೆ. ರೊಟೇಟರ್ ಕಫ್ ಆ ಕಾಲು ಕೊಡುವವನು. ಜಿಮ್ಮಿಗೆ ಹೋಗುವ ಹುಡುಗರು ಎತ್ತುವವನನ್ನು ದಪ್ಪ ಮಾಡುವುದರಲ್ಲೇ ಇರುತ್ತಾರೆ, ಕಾಲು ಕೊಡುವವನು ಕನ್ನಡಿಯಲ್ಲಿ ಕಾಣುವುದಿಲ್ಲವಲ್ಲ!

ನಮ್ಮ ಪ್ರಯೋಗಕ್ಕೆ ಬರೋಣ. ಆ ಮೂಳೆಯ ಚಾವಣಿಗೆ ಅಕ್ರೋಮಿಯನ್ ಎಂದು ಹೆಸರು, ಹೆಗಲ ಹಲಗೆಯದ್ದೇ ಚಾಚಿದ ಭಾಗ. ತೋಳಿನ ಮೂಳೆಯ ಚೆಂಡಿನ ಪಕ್ಕದಲ್ಲಿ ಒಂದು ಉಬ್ಬು ಇದೆ. ಕೈ ಒಳಕ್ಕೆ ತಿರುಗಿದ್ದಾಗ ಎತ್ತಿದರೆ ಆ ಉಬ್ಬು ಚಾವಣಿಗೆ ತಗಲುತ್ತದೆ. ಹೊರಕ್ಕೆ ತಿರುಗಿಸಿದರೆ ಉಬ್ಬು ಹಿಂದಕ್ಕೆ ಸರಿದು ದಾರಿ ಬಿಡುತ್ತದೆ. ತಕ್ಬೀರ್ ಹೇಳುವಾಗ ಕೈಗಳನ್ನು ಕಿವಿಯ ಬಳಿಗೆ ಎತ್ತುತ್ತೇವಲ್ಲ, ಅಂಗೈ ಕಿಬ್ಲಾದ ಕಡೆಗೆ ಇರುವಂತೆ, ಅಲ್ಲೂ ಇದೇ ಎತ್ತುವುದು ಮತ್ತು ಹೊರಕ್ಕೆ ತಿರುಗುವುದು ಒಟ್ಟಿಗೆ ನಡೆಯುತ್ತದೆ. ದಿನಕ್ಕೆ ಐದು ಹೊತ್ತು ಮಾಡಿದರೂ ಇದು ನನ್ನ ಗಮನಕ್ಕೆ ಬಂದಿರಲಿಲ್ಲ.

ಇನ್ನೊಂದು ನೋಡಿ. ಗೆಳತಿಯ ಬೆನ್ನ ಮೇಲೆ, ಹೆಗಲ ಹಲಗೆಯ ಕೆಳತುದಿಗೆ ಬೆರಳಿಟ್ಟು ಅವಳಿಗೆ ಕೈಯನ್ನು ನಿಧಾನ ಮೇಲೆತ್ತಲು ಹೇಳಿ. ಶುರುವಿನಲ್ಲಿ ಹಲಗೆ ಅಷ್ಟಾಗಿ ಅಲುಗುವುದಿಲ್ಲ. ಆಮೇಲೆ ಅದೂ ತಿರುಗುತ್ತಾ ಹೊರಕ್ಕೆ, ಕಂಕುಳ ಕಡೆಗೆ ಬರುವುದು ಬೆರಳಿಗೆ ಗೊತ್ತಾಗುತ್ತದೆ. ಕೈ ಪೂರ್ತಿ ಏರುವ 180 ಡಿಗ್ರಿಯಲ್ಲಿ ಸುಮಾರು 120 ಡಿಗ್ರಿ ಚೆಂಡಿನದು, 60 ಡಿಗ್ರಿ ಹಲಗೆಯದು. ಎರಡಕ್ಕೆ ಒಂದರ ಪಾಲುದಾರಿಕೆ. ಚೆಂಡಿನ ಕೀಲು ಕೆಟ್ಟರೆ ಹಲಗೆ ತನ್ನ ಪಾಲಿಗಿಂತ ಹೆಚ್ಚು ದುಡಿಯುತ್ತದೆ. ಆಗ ಕೈ ಎತ್ತಲು ಹೋದವರ ಇಡೀ ಹೆಗಲೇ ಕಿವಿಯ ಕಡೆಗೆ ಎದ್ದು ಬರುತ್ತದೆ. ಮನೆಯಲ್ಲಿ ಯಾರಾದರೂ ಅಟ್ಟದ ಮೇಲಿನ ಡಬ್ಬ ತೆಗೆಯುವಾಗ ಹೀಗೆ ಹೆಗಲು ಕುಣಿಸುತ್ತಿದ್ದರೆ ಗಮನಿಸಿ.

ಈಗ ಕೆಡುವ ವಿಚಾರ. ನಮ್ಮ ವಯಸ್ಸಿನವರಿಗೆ ಹೆಚ್ಚು ಸಂಬಂಧಪಟ್ಟದ್ದು ಕೀಲು ಜಾರುವುದು. ದೇಹದ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ಜಾರುವುದು ಭುಜವೇ. ಅದರಲ್ಲೂ ಬಹುಪಾಲು ಮುಂದಕ್ಕೆ ಜಾರುತ್ತದೆ. ಕೈ ಪಕ್ಕಕ್ಕೆ ಎತ್ತಿ ಹೊರಕ್ಕೆ ತಿರುಗಿರುವಾಗ, ಅಂದರೆ ಚೆಂಡು ಎಸೆಯುವ ಭಂಗಿಯಲ್ಲಿ, ಹಿಂದಿನಿಂದ ಒಂದು ಎಳೆತ ಬಿದ್ದರೆ ಸಾಕು. ಕಬಡ್ಡಿಯಲ್ಲಿ ರೈಡರ್‌ನ ಕೈ ಹಿಡಿದು ಎಳೆಯುವಾಗ, ಫೀಲ್ಡಿಂಗ್‌ನಲ್ಲಿ ಡೈವ್ ಹೊಡೆದಾಗ ಆಗುವುದು ಇದೇ. 2021ರ ಮಾರ್ಚಿನಲ್ಲಿ ಪುಣೆಯಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯದಲ್ಲಿ ಶ್ರೇಯಸ್ ಅಯ್ಯರ್ ಡೈವ್ ಮಾಡಿ ಭುಜ ಹಿಡಿದುಕೊಂಡು ಹೊರಗೆ ಹೋದದ್ದು ಕ್ರಿಕೆಟ್ ನೋಡುವವರಿಗೆ ನೆನಪಿರಬಹುದು, ಆಮೇಲೆ ಶಸ್ತ್ರಚಿಕಿತ್ಸೆ ಬೇಕಾಯಿತು. ಭುಜದ ಗಾಯಗಳು ಜಾರುವುದೊಂದೇ ಅಲ್ಲ. ನಮ್ಮ ಕೆ.ಎಲ್. ರಾಹುಲ್ 2017ರ ಐಪಿಎಲ್ ಪೂರ್ತಿ ಆಡದಿದ್ದದ್ದು ಭುಜದ ಗಾಯದಿಂದ. 2001ರಲ್ಲಿ ಕೋಲ್ಕತ್ತದಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿದ ಪ್ರಸಿದ್ಧ ಟೆಸ್ಟ್‌ನಲ್ಲಿ ಅನಿಲ್ ಕುಂಬ್ಳೆ ಇರಲಿಲ್ಲ, ಕಾರಣ ಅದೇ ಭುಜ.

ಹದಿಹರೆಯದಲ್ಲಿ ಒಮ್ಮೆ ಜಾರಿದ ಭುಜ ಮತ್ತೆ ಜಾರುವ ಸಾಧ್ಯತೆ ದೊಡ್ಡವರಿಗಿಂತ ಬಹಳ ಹೆಚ್ಚು. ಯಾಕೆಂದರೆ ಜಾರುವಾಗ ಚೆಂಡು ಆ ವಾಷರ್, ಲೇಬ್ರಮ್ಮನ್ನು ಅಂಚಿನಿಂದ ಕಿತ್ತುಕೊಂಡೇ ಹೋಗಿರುತ್ತದೆ. ಅಂಚು ಮುರಿದ ಸಾಸರಿನಲ್ಲಿ ನಿಂಬೆಹಣ್ಣು ನಿಲ್ಲುವುದು ಇನ್ನೂ ಕಷ್ಟ. ಆದ್ದರಿಂದ ಕೂರಿಸಿದ ಮೇಲೆ ನೋವು ಹೋಯಿತೆಂದು ಮಾರನೇ ವಾರವೇ ಮೈದಾನಕ್ಕೆ ಇಳಿಯಬಾರದು.

ಮೈದಾನದಲ್ಲಿ ಯಾರಿಗಾದರೂ ಹೀಗಾದರೆ ಎಳೆದು ಕೂರಿಸಲು ಹೋಗಬೇಡಿ, ಸಿನಿಮಾದ ಹೀರೋ ಗೋಡೆಗೆ ಗುದ್ದಿ ಸರಿ ಮಾಡಿಕೊಳ್ಳುವುದನ್ನು ನಂಬಬೇಡಿ. ಕೀಲಿನ ಪಕ್ಕದಲ್ಲೇ ಒಂದು ನರ ಹಾದುಹೋಗುತ್ತದೆ. ಡೆಲ್ಟಾಯ್ಡ್‌ನ ಮೇಲಿನ ಚರ್ಮ ಮರಗಟ್ಟಿದ್ದರೆ ಆ ನರಕ್ಕೆ ಪೆಟ್ಟು ಬಿದ್ದಿರಬಹುದು. ಮೂಳೆಯೂ ಮುರಿದಿದ್ದರೆ ಎಳೆದವರು ಅದನ್ನು ಇನ್ನಷ್ಟು ಕೆಡಿಸಿರುತ್ತಾರೆ. ಕೈ ಇರುವ ಹಾಗೆಯೇ ಒಂದು ದುಪಟ್ಟಾದಲ್ಲಿ ಜೋಲಿ ಕಟ್ಟಿ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಎಕ್ಸ್‌ರೇ ನೋಡಿ ಆಮೇಲೆ ಕೂರಿಸುತ್ತಾರೆ. ಜಾರಿದ ಭುಜ ಕೂರಿಸುವ ವಿದ್ಯೆ ಹೊಸದೇನಲ್ಲ. ಗ್ರೀಕರ ಹಿಪ್ಪೊಕ್ರೆಟಿಸ್ ಹೆಸರಿನ ಗ್ರಂಥಗಳಲ್ಲಿದೆ. ಸ್ಪೇನಿನ ಕಾರ್ಡೊಬಾದ ಬಳಿ ಬದುಕಿದ್ದ ಅಬುಲ್ ಖಾಸಿಂ ಅಲ್ ಝಹ್ರಾವಿ ಸಾವಿರ ವರ್ಷದ ಹಿಂದೆ ಬರೆದ 30 ಭಾಗಗಳ ಅತ್‌ ತಸ್ರೀಫ್ ಗ್ರಂಥದ ಕೊನೆಯ ಭಾಗ ಶಸ್ತ್ರಚಿಕಿತ್ಸೆಯದು, ಮೂಳೆ ಮುರಿತ ಮತ್ತು ಕೀಲು ಜಾರಿದ್ದಕ್ಕೆ ಅದರಲ್ಲಿ ಪ್ರತ್ಯೇಕ ಅಧ್ಯಾಯಗಳೇ ಇವೆ. ನಮ್ಮ ಮೊಹಲ್ಲಾಗಳ ಪೈಲ್ವಾನರ ಕೈಚಳಕವೂ ಇಂಥ ಹಳೆಯ ವಿದ್ಯೆಯ ಒಂದು ಎಳೆಯೇ ಇರಬೇಕು. ಆದರೆ ಅವರ ಬಳಿ ಎಕ್ಸ್‌ರೇ ಇಲ್ಲ, ನನ್ನ ತಕರಾರು ಅಷ್ಟೇ.

ಎರಡನೆಯದು ರೊಟೇಟರ್ ಕಫ್‌ನ ತೊಂದರೆ. ಸುಪ್ರಾಸ್ಪೈನೇಟಸ್‌ನ ಟೆಂಡನ್ ಆ ಚಾವಣಿಯ ಕೆಳಗಿನ ಇಕ್ಕಟ್ಟಿನ ದಾರಿಯಲ್ಲಿ ಹಾದುಹೋಗುತ್ತದೆ. ಕೈಯನ್ನು ತಲೆಯ ಮೇಲೆ ಎತ್ತಿ ದುಡಿಯುವವರಿಗೆ, ಅಂದರೆ ಪೇಂಟರ್, ಗಾರೆ ಕೆಲಸದವರು, ಎಲೆಕ್ಟ್ರಿಷಿಯನ್, ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದ ಉಪನ್ಯಾಸಕರು, ಇಂಥವರಿಗೆ ಈ ಟೆಂಡನ್ ಸವೆದು ಊದಿಕೊಳ್ಳುತ್ತದೆ. ಇದಕ್ಕೊಂದು ಗುರುತಿದೆ. ಕೈಯನ್ನು ಪಕ್ಕದಿಂದ ಎತ್ತುವಾಗ ಮೊದಲ 60 ಡಿಗ್ರಿ ನೋವಿಲ್ಲ, ಅಲ್ಲಿಂದ 120ರವರೆಗೆ ನೋವು, ಅದನ್ನು ದಾಟಿದರೆ ಮತ್ತೆ ಹಗುರ. ಆ ಬದಿಗೆ ಮಲಗಿದರೆ ರಾತ್ರಿ ಎಚ್ಚರವಾಗುತ್ತದೆ. ವಯಸ್ಸಾದಂತೆ ಟೆಂಡನ್ ಹರಿಯುವುದೂ ಉಂಟು. ವಿಚಿತ್ರವೆಂದರೆ ಅರವತ್ತು ದಾಟಿದ ಎಷ್ಟೋ ಜನರ ಟೆಂಡನ್ ಹರಿದಿದ್ದರೂ ಅವರಿಗೆ ನೋವೇ ಇರುವುದಿಲ್ಲ. ಅದಕ್ಕೇ ಸ್ಕ್ಯಾನ್ ವರದಿಯಲ್ಲಿ ಹರಿದಿದೆ ಎಂದು ಬರೆದಿದ್ದ ಮಾತ್ರಕ್ಕೆ ಆಪರೇಷನ್ ಆಗಲೇಬೇಕು ಎಂದೇನಿಲ್ಲ. ಹೆಚ್ಚಿನವರಿಗೆ ಕೆಲವು ತಿಂಗಳ ವ್ಯಾಯಾಮವೇ ಮೊದಲ ಚಿಕಿತ್ಸೆ.

ಮೂರನೆಯದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ. ಈ ಲೇಖನ ಬರೆಯಲು ಕೂತದ್ದೇ ಅದಕ್ಕೆ. ಅದು ಫ್ರೋಜನ್ ಶೋಲ್ಡರ್, ಹೆಪ್ಪುಗಟ್ಟಿದ ಭುಜ. 40ರಿಂದ 60 ವರ್ಷದವರಿಗೆ ಹೆಚ್ಚು, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಜಪಾನಿನಲ್ಲಿ ಇದನ್ನು ಗೊಜುಕಾಟಾ, ಅಂದರೆ ಐವತ್ತರ ಭುಜ ಎಂದೇ ಕರೆಯುತ್ತಾರೆ. ಫ್ರೋಜನ್ ಎಂಬ ಹೆಸರು ಕೊಟ್ಟವರು ಅಮೆರಿಕದ ಬಾಸ್ಟನ್‌ನ ಡಾಕ್ಟರ್ ಅರ್ನೆಸ್ಟ್ ಕಾಡ್ಮನ್, 1934ರಲ್ಲಿ.

ಭುಜದ ಕೀಲಿನ ಸುತ್ತ ಒಂದು ತೆಳು ಚೀಲ ಇದೆ. ಕೈ ಕೆಳಗಿದ್ದಾಗ ಈ ಚೀಲದ ಅಡಿಭಾಗ, ಕಂಕುಳ ಕಡೆಗೆ, ಸಡಿಲವಾಗಿ ಮಡಿಕೆಬಿದ್ದು ನೇತಾಡುತ್ತದೆ. ಕೈ ಎತ್ತಿದಾಗ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಫಿಸಿಯೊಥೆರಪಿ ಮೇಡಂ ಇದನ್ನು ಹೇಳುತ್ತಿದ್ದಂತೆ ಖಾಲಾ ಥಟ್ಟನೆ, “ಕುರ್ತಾದ ಬಗಲಿಗೆ ಚೌಕದ ತುಂಡು ಕೂಡಿಸುತ್ತೇವಲ್ಲ, ಹಾಗೆಯಾ?” ಎಂದರು. ಖಾಲಾ ಟೈಲರ್, ಮನೆಯಲ್ಲೇ ಹೊಲಿಯುತ್ತಾರೆ. ಹಳೆಯ ಕಾಲದ ಕುರ್ತಾದ ಕಂಕುಳಲ್ಲಿ ಆ ಚೌಕದ ತುಂಡು ಇಲ್ಲದಿದ್ದರೆ ಕೈ ಎತ್ತಿದಾಗ ಬಟ್ಟೆ ಹಿಡಿಯುತ್ತದೆ, ಇಲ್ಲವೇ ಹರಿಯುತ್ತದೆ. ಮೇಡಂ ನಕ್ಕು, ಸರಿಯಾಗಿ ಹಾಗೆಯೇ, ನಿಮ್ಮ ಚೌಕದ ತುಂಡು ಮುದುಡಿಹೋಗಿದೆ ಎಂದರು. ಈ ಕಾಯಿಲೆಯಲ್ಲಿ ಚೀಲ ಮೊದಲು ಉರಿಯೂತದಿಂದ ಕೆಂಪಾಗಿ, ಆಮೇಲೆ ದಪ್ಪವಾಗಿ ಕುಗ್ಗುತ್ತದೆ, ಮಡಿಕೆ ಮುಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ 15 ಮಿಲಿಲೀಟರಿಗಿಂತ ಹೆಚ್ಚು ಹಿಡಿಸುವ ಚೀಲ 10ಕ್ಕಿಂತ ಕಡಿಮೆಗೆ ಇಳಿಯುತ್ತದೆ. ಮೂಳೆಗೆ ಏನೂ ಆಗಿರುವುದಿಲ್ಲ. ಅದಕ್ಕೇ ಎಕ್ಸ್‌ರೇ ನಾರ್ಮಲ್ ಎಂದು ಬರುತ್ತದೆ. ಎಕ್ಸ್‌ರೇ ನಾರ್ಮಲ್ ಇದೆ, ಸುಮ್ಮನೆ ನಾಟಕ ಎನ್ನುವ ಗಂಡಂದಿರು, ಅತ್ತೆಯರು ಇದನ್ನು ದಯವಿಟ್ಟು ಓದಬೇಕು.

ಇದು ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ನೋವು, ಅದರಲ್ಲೂ ರಾತ್ರಿ. ಕೆಲವು ತಿಂಗಳು ಹೀಗೆ ಹೋಗುತ್ತದೆ. ಎರಡನೇ ಹಂತದಲ್ಲಿ ನೋವು ತಗ್ಗಿ ಬಿಗಿತ ಉಳಿಯುತ್ತದೆ. ಮೂರನೆಯದರಲ್ಲಿ ನಿಧಾನವಾಗಿ ಸಡಿಲಾಗುತ್ತದೆ. ಎಲ್ಲ ಸೇರಿ ಒಂದರಿಂದ ಮೂರು ವರ್ಷ ಹಿಡಿಯಬಹುದು. ಎಲ್ಲಕ್ಕಿಂತ ಮೊದಲು ಮತ್ತು ಹೆಚ್ಚು ಹೋಗುವುದು ಹೊರಕ್ಕೆ ತಿರುಗುವ ಚಲನೆ. ಖಾಲಾಗೆ ಮೊದಲು ತಪ್ಪಿಹೋದದ್ದು ತಕ್ಬೀರ್. ಕೈ ಎದೆಯ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ಜಡೆ ಹಾಕಿಕೊಳ್ಳಲು ಆಗಲಿಲ್ಲ, ದುಪಟ್ಟಾ ಹಿಂದಕ್ಕೆ ಎಸೆಯಲು ಆಗಲಿಲ್ಲ, ಬೆನ್ನ ಹಿಂದಿನ ಹುಕ್ ಹಾಕಲು ನಾನೇ ಬೇಕಾಯಿತು. ಹೊಲಿಗೆ ಮಿಷನ್ನಿನ ಮುಂದೆ ಕೂತರೆ ಬಟ್ಟೆ ಸರಿಸಬಹುದು, ಆದರೆ ಮೇಜಿನ ಮೇಲೆ ಹರಡಿ ಕತ್ತರಿಸಲು ಕೈ ಚಾಚಲಾಗದು. ಈದ್‌ಗೆ ಮುಂಚಿನ ಒಂದು ತಿಂಗಳು ಟೈಲರ್‌ಗಳಿಗೆ ವರ್ಷದ ಸೀಸನ್. ಅವರ ಆರ್ಡರ್ ಪುಸ್ತಕ ಬರೆಯುವವಳು ನಾನೇ. ಹಿಂದಿನ ರಂಜಾನ್‌ನಲ್ಲಿ 61 ಜೊತೆ ಬಟ್ಟೆ, ಆ ರಂಜಾನ್‌ನಲ್ಲಿ 17.

ಶುರುವಿನಲ್ಲಿ ಎಲ್ಲರೂ ಅದನ್ನು ವಾಯು ಎಂದರು. ಮುಲಾಮು, ಬಿಸಿ ಎಣ್ಣೆ, ಇಟ್ಟಿಗೆ ಶಾಖ ಆಯಿತು. ಪರಿಚಯದ ಒಬ್ಬರು ಒಂದೇ ಎಳೆತಕ್ಕೆ ಸರಿಮಾಡುತ್ತೇನೆ ಎಂದು ಕೈಯನ್ನು ಜೋರಾಗಿ ಮೇಲಕ್ಕೆ ಎಳೆದರು. ಆಮೇಲೆ ಮೂರು ರಾತ್ರಿ ಖಾಲಾ ಮಲಗಲಿಲ್ಲ. ನೋವಿನ ಹಂತದಲ್ಲಿ ಬಲವಂತವಾಗಿ ಎಳೆದರೆ ಉರಿಯೂತ ಹೆಚ್ಚುತ್ತದೆಯೇ ಹೊರತು ಚೀಲ ಬಿಚ್ಚಿಕೊಳ್ಳುವುದಿಲ್ಲ. ಕೊನೆಗೆ ಮೂಳೆ ಡಾಕ್ಟರರ ಬಳಿ ಹೋದಾಗ ಅವರು ಭುಜ ಪರೀಕ್ಷೆ ಮಾಡಿದ್ದು ಎರಡು ನಿಮಿಷ. ಆಮೇಲೆ ಕೇಳಿದ ಮೊದಲ ಪ್ರಶ್ನೆ: “ಶುಗರ್ ಚೆಕ್ ಮಾಡಿಸಿದ್ದೀರಾ ಅಮ್ಮಾ?” ಮಾಡಿಸಿರಲಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 9.2 ಬಂತು. 6.5 ದಾಟಿದರೆ ಸಕ್ಕರೆ ಕಾಯಿಲೆ ಎಂದು ಲೆಕ್ಕ. ಭುಜ ಹಿಡಿಯದಿದ್ದರೆ ಅದು ಇನ್ನೆಷ್ಟು ವರ್ಷ ಗೊತ್ತಾಗದೆ ಕಣ್ಣು, ಕಿಡ್ನಿಗಳನ್ನು ತಿನ್ನುತ್ತಿತ್ತೋ.

ಸಕ್ಕರೆಗೂ ಭುಜಕ್ಕೂ ಏನು ನಂಟು? ಸಕ್ಕರೆ ಕಾಯಿಲೆ ಇರುವವರಿಗೆ ಹೆಪ್ಪುಗಟ್ಟಿದ ಭುಜ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು, ಗುಣವಾಗುವುದೂ ನಿಧಾನ. ಇದಕ್ಕೆ ಕೊಡುವ ಒಂದು ವಿವರಣೆ ಹೀಗಿದೆ. ಕೀಲಿನ ಚೀಲ ಕೊಲಾಜೆನ್ ಎಂಬ ನಾರಿನಿಂದ ಆಗಿದೆ. ರಕ್ತದಲ್ಲಿ ಹೆಚ್ಚಾದ ಸಕ್ಕರೆ ಆ ನಾರುಗಳಿಗೆ ಅಂಟಿಕೊಂಡು ಒಂದನ್ನೊಂದು ಬೆಸೆಯುತ್ತದೆ, ನಾರು ಬಿರುಸಾಗುತ್ತದೆ. ಪಾಕ ಬಿದ್ದ ಬಟ್ಟೆ ಒಣಗಿ ಸೆಟೆದುಕೊಂಡ ಹಾಗೆ. ಥೈರಾಯ್ಡ್ ತೊಂದರೆ ಇರುವವರಲ್ಲೂ ಈ ಭುಜ ಹೆಚ್ಚು ಕಾಣುತ್ತದೆ.

ಆ ಎರಡು ನಿಮಿಷದಲ್ಲಿ ಡಾಕ್ಟರ್ ಏನು ನೋಡಿದರು ಎಂದು ಆಮೇಲೆ ತಿಳಿಯಿತು. ಖಾಲಾಗೆ ಕೈ ಎತ್ತಲು ಹೇಳಿದರು, ಆಗಲಿಲ್ಲ. ನಂತರ ಕೈ ಸಡಿಲ ಬಿಡಿ ಎಂದು ತಾವೇ ಎತ್ತಿ ನೋಡಿದರು, ಆಗಲೂ ಅಷ್ಟಕ್ಕೇ ನಿಂತಿತು. ಕಫ್ ಹರಿದವರಿಗೆ ತಾವಾಗಿ ಎತ್ತಲು ಆಗುವುದಿಲ್ಲ, ಬೇರೆಯವರು ಎತ್ತಿದರೆ ಕೈ ಏರುತ್ತದೆ. ಏಣಿಯ ಬುಡಕ್ಕೆ ಕಾಲು ಕೊಡುವವನು ಇಲ್ಲ, ಆದರೆ ದಾರಿ ತೆರೆದಿದೆ. ಹೆಪ್ಪುಗಟ್ಟಿದ ಭುಜದಲ್ಲಿ ದಾರಿಯೇ ಮುಚ್ಚಿದೆ, ಯಾರು ಎತ್ತಿದರೂ ಏರದು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಮುಂಗೈಯನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸುವುದು ಎರಡನೇ ಪರೀಕ್ಷೆ. ನಿಮ್ಮ ಅಮ್ಮಿಯದೋ ಅಬ್ಬುವಿನದೋ ಎರಡೂ ಕೈ ಹೀಗೆ ತಿರುಗಿಸಿ ನೋಡಿ, ಎಳೆಯಬೇಡಿ. ಒಂದು ಕೈ ಇನ್ನೊಂದಕ್ಕಿಂತ ಬಹಳ ಮೊದಲೇ ನಿಂತರೆ ಡಾಕ್ಟರಿಗೆ ತೋರಿಸಿ, ರಕ್ತದಲ್ಲಿ ಸಕ್ಕರೆಯನ್ನೂ ನೋಡಿಸಿ.

ಚಿಕಿತ್ಸೆ ನಿಧಾನದ್ದು. ನೋವಿನ ಹಂತದಲ್ಲಿ ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಹಲವರಿಗೆ ಕೆಲವು ವಾರ ಆರಾಮ ಸಿಗುತ್ತದೆ, ಆ ಹೊತ್ತಿನಲ್ಲಿ ವ್ಯಾಯಾಮ ಸಾಧ್ಯವಾಗುತ್ತದೆ. ಆದರೆ ಅದರಿಂದ ಕೆಲವು ದಿನ ಸಕ್ಕರೆ ಏರುತ್ತದೆ, ಡಾಕ್ಟರು ಮೊದಲೇ ಹೇಳಿ ಮನೆಯಲ್ಲಿ ಅಳೆಯಲು ತಿಳಿಸಿದ್ದರು. ಎಲ್ಲ ಮಾಡಿದರೂ ಸಡಿಲಾಗದ ಕೆಲವರಿಗೆ ಮಾತ್ರ ಮಂಪರು ಕೊಟ್ಟು ಬಿಡಿಸುವುದು ಅಥವಾ ಸಣ್ಣ ರಂಧ್ರದ ಮೂಲಕ ಚೀಲ ಕತ್ತರಿಸುವುದು.

ವ್ಯಾಯಾಮಗಳಿಗೆ ದುಡ್ಡು ಬೇಡ. ಮೇಜಿಗೆ ಒಂದು ಕೈ ಊರಿ ಮುಂದಕ್ಕೆ ಬಾಗಿ, ನೋಯುವ ಕೈಯನ್ನು ಬಾವಿಯ ಹಗ್ಗದಂತೆ ಇಳಿಬಿಟ್ಟು ಸಣ್ಣದಾಗಿ ತೂಗುವುದು. ಇದಕ್ಕೂ ಕಾಡ್ಮನ್ ಅವರದೇ ಹೆಸರಿದೆ. ಗೋಡೆಗೆ ಮುಖಮಾಡಿ ನಿಂತು ಬೆರಳುಗಳನ್ನು ಜೇಡದಂತೆ ಮೇಲಕ್ಕೆ ನಡೆಸುವುದು. ಬೆನ್ನ ಹಿಂದೆ ಟವೆಲ್ ಹಿಡಿದು ಒಳ್ಳೆಯ ಕೈಯಿಂದ ಮೆಲ್ಲಗೆ ಮೇಲೆಳೆಯುವುದು. ಎಳೆತ ಗೊತ್ತಾಗಬೇಕು, ಆದರೆ ನೋವು ರಾತ್ರಿಯವರೆಗೆ ಉಳಿಯಬಾರದು, ಇದು ಮೇಡಂ ಹೇಳಿಕೊಟ್ಟ ಅಳತೆ. ಅಡುಗೆಮನೆಯ ಗೋಡೆಗೆ ಪ್ರತಿ ಜುಮಾ ದಿನ ಬೆರಳು ಮುಟ್ಟಿದ ಕಡೆ ನಾನು ಪೆನ್ಸಿಲ್ ಗುರುತು ಹಾಕುತ್ತೇನೆ. ಕೆಲವು ವಾರ ಗುರುತು ಏರುವುದೇ ಇಲ್ಲ. ಹದಿನಾಲ್ಕು ತಿಂಗಳಾದ ಮೇಲೆ ಈಗ ತಕ್ಬೀರ್ ಆಗುತ್ತದೆ, ಬೆನ್ನ ಹಿಂದಿನ ಹುಕ್ ಇನ್ನೂ ಆಗುವುದಿಲ್ಲ. ಒಂದು ಭುಜ ಹಿಡಿದವರಿಗೆ ಮುಂದೆ ಇನ್ನೊಂದೂ ಹಿಡಿಯುವ ಸಾಧ್ಯತೆ ಇರುವುದರಿಂದ ಎಡಗೈಯ ಮೇಲೂ ಕಣ್ಣಿಟ್ಟಿದ್ದೇವೆ.

ನಮ್ಮ ಬ್ಯಾಗಿನ ವಿಷಯ ಎರಡೇ ಮಾತು. ತೀರಾ ಭಾರದ ಬ್ಯಾಗಿನ ಪಟ್ಟಿ ಹೆಗಲ ಬುಡದಲ್ಲಿ ಹಾಯುವ ನರಗಳನ್ನು ಒತ್ತಬಲ್ಲದು, ಎರಡೂ ಪಟ್ಟಿ ಹಾಕಿ, ಬೇಡದ ಪುಸ್ತಕ ಮನೆಯಲ್ಲಿ ಬಿಡಿ. ಬೈಕಿನಿಂದ ಭುಜದ ಮೇಲೆ ಬಿದ್ದವರಿಗೆ ಸಾಮಾನ್ಯವಾಗಿ ಮುರಿಯುವುದು ಹಂಸ್ಲಿ, ಅದೂ ನಡುಭಾಗದಲ್ಲಿ. ಬಹಳಷ್ಟು ಮುರಿತಗಳು ಜೋಲಿಯಲ್ಲೇ ಕೂಡಿಕೊಳ್ಳುತ್ತವೆ.

ಕೊನೆಯದಾಗಿ, ಭುಜದಲ್ಲಿ ನೋವಿದ್ದರೂ ಭುಜದ್ದಲ್ಲದ ನೋವುಗಳಿವೆ. ಕತ್ತಿನ ನರ ಒತ್ತಿಕೊಂಡರೆ ನೋವು ಭುಜ ದಾಟಿ ಬೆರಳವರೆಗೆ ಇಳಿಯುತ್ತದೆ, ಜೋಮು ಹಿಡಿಯುತ್ತದೆ. ಪಿತ್ತಕೋಶದ ಕಲ್ಲಿನ ನೋವು ಬಲ ಹೆಗಲಿನಲ್ಲಿ ಕಾಣಿಸಬಹುದು, ಯಾಕೆಂದರೆ ಹೊಟ್ಟೆಗೂ ಎದೆಗೂ ನಡುವಿನ ಪರದೆಗೆ ಹೋಗುವ ನರವೂ ಹೆಗಲ ಚರ್ಮದ ನರಗಳೂ ಕತ್ತಿನ ಒಂದೇ ಮಟ್ಟದಿಂದ ಹೊರಡುತ್ತವೆ, ಮಿದುಳಿಗೆ ವಿಳಾಸ ಗೊಂದಲವಾಗುತ್ತದೆ. ಹೃದಯಾಘಾತದ ನೋವು ಎಡ ಭುಜಕ್ಕೂ ತೋಳಿಗೂ ಹರಡುತ್ತದೆ. ಭುಜದ ಕೀಲಿನ ನೋವಾದರೆ ಕೈ ಅಲುಗಿಸಿದಾಗ ಹೆಚ್ಚುತ್ತದೆ. ಕೈ ಹೇಗೆ ತಿರುಗಿಸಿದರೂ ನೋವಿನಲ್ಲಿ ಬದಲಾವಣೆ ಇಲ್ಲ, ಜೊತೆಗೆ ಎದೆ ಭಾರ, ತಣ್ಣನೆ ಬೆವರು, ಉಸಿರು ಕಟ್ಟಿದ ಹಾಗೆ ಎಂದು ಮನೆಯ ಹಿರಿಯರು ಹೇಳಿದರೆ ಮುಲಾಮು ಹುಡುಕುತ್ತಾ ಕೂರದೆ ಕೂಡಲೇ 108ಕ್ಕೆ ಫೋನ್ ಮಾಡಿ.